ಡಲ್ಲಾಸ್‌ಗೆ ಬಂದಿದ್ದ ಕೊಕೊ ಶನೆಲ್

ರಜೆಗೆ ಊರಿಗೆ ಹೊರಡುವ ಗಲ್ಫ್ ಕನ್ನಡಿಗರ ಪೆಟ್ಟಿಗೆಯಲ್ಲಿ ಖರ್ಜೂರದ ಜೊತೆ ಒಂದಾದರೂ ಸೆಂಟಿನ ಬಾಟಲಿ ಇದ್ದೇ ಇರುತ್ತದೆ. ಅಮೆರಿಕದಿಂದ ಹೋಗುವ ನಾವೂ ಆ ಪದ್ಧತಿ ಬಿಟ್ಟಿಲ್ಲ. ಇಂಥ ಸೆಂಟುಗಳಲ್ಲಿ ಬಹಳ ಹೆಸರಾದದ್ದು ‘ಶನೆಲ್ ನಂಬರ್ 5’. ಅದಕ್ಕೆ ಹೆಸರು ಕೊಟ್ಟ ಫ್ರಾನ್ಸಿನ ಉಡುಪು ವಿನ್ಯಾಸಕಿ ಕೊಕೊ ಶನೆಲ್ 1957ರಲ್ಲಿ ನಮ್ಮ ಟೆಕ್ಸಾಸ್‌ಗೆ ಬಂದಿದ್ದರು. ಹ್ಯೂಸ್ಟನ್ ಪಕ್ಕದ ನಮ್ಮ ಸ್ಟಾಫರ್ಡ್‌ನಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ ದಾರಿಯ ಡಲ್ಲಾಸ್‌ನಲ್ಲಿ ಅವರಿಗೆ ಸನ್ಮಾನವಾಗಿತ್ತು.

ಗೇಬ್ರಿಯೆಲ್ ಶನೆಲ್ ಹುಟ್ಟಿದ್ದು 1883ರ ಆಗಸ್ಟ್ 19ರಂದು, ಬಡ ಕುಟುಂಬದಲ್ಲಿ. ತಂದೆ ಸಂತೆಯಿಂದ ಸಂತೆಗೆ ತಿರುಗುವ ವ್ಯಾಪಾರಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರು ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿ ಬೆಳೆದು ಹೊಲಿಗೆ ಕಲಿತರು. 1910ರಲ್ಲಿ ಪ್ಯಾರಿಸ್‌ನ ಕಾಂಬೊನ್ ಬೀದಿಯಲ್ಲಿ ಟೋಪಿ ಅಂಗಡಿ ತೆರೆದರು.

ಬನಿಯನ್ ಬಟ್ಟೆಯ ಉಡುಪು

ಆಗ ಶ್ರೀಮಂತ ಹೆಂಗಸರ ಉಡುಪು ಎಂದರೆ ಸೊಂಟ ಬಿಗಿಯುವ ಕಾರ್ಸೆಟ್, ನೆಲ ಗುಡಿಸುವ ಲಂಗ. ಮೊದಲ ಮಹಾಯುದ್ಧದ ಕಾಲದಲ್ಲಿ ಬಟ್ಟೆಗೆ ಬರ ಬಂದಿತ್ತು. ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಅಗ್ಗದ ಜರ್ಸಿಯಿಂದ, ನಮ್ಮ ಮಾತಿನಲ್ಲಿ ಬನಿಯನ್ ಬಟ್ಟೆಯಿಂದ, ಶನೆಲ್ ಹೆಂಗಸರಿಗೆ ಸಡಿಲವಾದ ಉಡುಪು ಹೊಲಿದರು. ಅದನ್ನು ತೊಟ್ಟು ನಡೆಯಬಹುದು, ಬಗ್ಗಬಹುದು, ಕೆಲಸ ಮಾಡಬಹುದು. ಹೆಂಗಸರ ಉಡುಪನ್ನು ಹಗುರ ಮಾಡಹೊರಟವರು ಅವರೊಬ್ಬರೇ ಅಲ್ಲ. ಆದರೆ ಅದನ್ನು ದೊಡ್ಡ ಮಟ್ಟದಲ್ಲಿ ರೂಢಿಗೆ ತಂದವರಲ್ಲಿ ಅವರು ಪ್ರಮುಖರು. ಶೋಕದ ಬಣ್ಣವೆನಿಸಿದ್ದ ಕಪ್ಪಿನಲ್ಲಿ ಅವರು ಹೊಲಿದ ಸರಳ ಉಡುಪನ್ನು 1926ರಲ್ಲಿ ಅಮೆರಿಕದ ‘ವೋಗ್’ ಪತ್ರಿಕೆ ಫೋರ್ಡ್ ಕಾರಿಗೆ ಹೋಲಿಸಿತು.

1921ರಲ್ಲಿ ಬಂದ ನಂಬರ್ 5 ಸೆಂಟನ್ನು ಸಿದ್ಧಪಡಿಸಿದವರು ಅರ್ನೆಸ್ಟ್ ಬೋ. ಔಷಧಗಳ ನಡುವೆ ದಿನ ಕಳೆಯುವ ನಮಗೆ ಇದರ ರಸಾಯನ ಕುತೂಹಲದ್ದು. ಜಾಜಿ, ಗುಲಾಬಿಗಳ ಸಾರಕ್ಕೆ ಅವರು ಪ್ರಯೋಗಾಲಯದಲ್ಲಿ ತಯಾರಾದ ಆಲ್ಡಿಹೈಡ್‌ಗಳನ್ನು ಧಾರಾಳವಾಗಿ ಬೆರೆಸಿದರು. ಹಾಗಾಗಿ ಅದು ಯಾವುದೇ ಒಂದು ಹೂವಿನ ವಾಸನೆಯಲ್ಲ. ಬಾಟಲಿಯೂ ಅಷ್ಟೇ, ನಮ್ಮ ಔಷಧದ ಶೀಶೆಯಂತೆ ಸರಳ.

ಮರೆಯಬಾರದ ಪುಟ

ಎರಡನೇ ಮಹಾಯುದ್ಧದಲ್ಲಿ ಪ್ಯಾರಿಸ್ ಜರ್ಮನರ ವಶವಾದಾಗ ಶನೆಲ್ ಜರ್ಮನ್ ಅಧಿಕಾರಿಯೊಬ್ಬನ ಜೊತೆಗಿದ್ದರು. ಸೆಂಟಿನ ಕಂಪನಿಯ ಬಹುಪಾಲು ಯಹೂದಿಗಳಾದ ವೆರ್ತೈಮರ್ ಸಹೋದರರದು. ಶನೆಲ್ ಅವರ ಪಾಲು ಶೇ. 10 ಮಾತ್ರ. ಯಹೂದಿಗಳ ಆಸ್ತಿ ಕಸಿಯುವ ನಾಜಿ ಕಾನೂನನ್ನೇ ಹಿಡಿದು ಇಡೀ ಕಂಪನಿಯನ್ನು ಪಡೆಯಲು 1941ರಲ್ಲಿ ಅವರು ಅರ್ಜಿ ಹಾಕಿದರು. ಅಮೆರಿಕಕ್ಕೆ ಪಾರಾಗಿದ್ದ ಸಹೋದರರು ಅದಕ್ಕೂ ಮೊದಲೇ ಕಂಪನಿಯನ್ನು ಯಹೂದಿಯಲ್ಲದ ಉದ್ಯಮಿಯೊಬ್ಬರ ಕೈಗೆ ಒಪ್ಪಿಸಿದ್ದರಿಂದ ಅದು ಉಳಿಯಿತು. ಔಷಧದ ಗುಣ ಹೇಳುವಾಗ ಅಡ್ಡಪರಿಣಾಮವನ್ನೂ ಹೇಳಬೇಕಾದ್ದು ನಮ್ಮ ವೃತ್ತಿಯ ನಿಯಮ. ಶನೆಲ್ ಅವರನ್ನು ಹೊಗಳುವ ಬರಹಗಳಲ್ಲಿ ಈ ಭಾಗ ಬಿಟ್ಟುಹೋಗಬಾರದು ಎಂದು ನಮಗನಿಸುತ್ತದೆ.

ಟೆಕ್ಸಾಸ್ ಕೊಟ್ಟ ಮನ್ನಣೆ

1954ರಲ್ಲಿ, 70ನೇ ವಯಸ್ಸಿನಲ್ಲಿ, ಅವರು ಮತ್ತೆ ಉಡುಪು ಪ್ರದರ್ಶನ ನಡೆಸಿದರು. ಅದಕ್ಕೆ ಹಣ ಹಾಕಿದವರಲ್ಲಿ ಅದೇ ಪಿಯೆರ್ ವೆರ್ತೈಮರ್ ಕೂಡ ಒಬ್ಬರು! ಫ್ರಾನ್ಸಿನ ಪತ್ರಿಕೆಗಳು ‘ಹಳೆಯದು’ ಎಂದು ತಳ್ಳಿಹಾಕಿದವು, ಅಮೆರಿಕದವರು ಕೊಂಡರು. 1957ರಲ್ಲಿ ಡಲ್ಲಾಸ್‌ನ ನೀಮನ್ ಮಾರ್ಕಸ್ ಮಳಿಗೆ ತನ್ನ 50ನೇ ವರ್ಷದಲ್ಲಿ ಅವರಿಗೆ ಪ್ರಶಸ್ತಿ ಕೊಟ್ಟಿತು. ಮಾಲೀಕ ಸ್ಟ್ಯಾನ್ಲಿ ಮಾರ್ಕಸ್ ಕೌಬಾಯ್ ಶೈಲಿಯ ಔತಣ ಏರ್ಪಡಿಸಿ, ಹಸುಗಳಿಗೇ ಉಡುಪು ತೊಡಿಸಿ ‘ಫ್ಯಾಷನ್ ಶೋ’ ಮಾಡಿಸಿದ್ದರು. ಶನೆಲ್ 1971ರಲ್ಲಿ ತೀರಿಕೊಂಡರು. 2013ರ ಡಿಸೆಂಬರ್‌ನಲ್ಲಿ ಶನೆಲ್ ಸಂಸ್ಥೆ ಡಲ್ಲಾಸ್‌ನ ಫೇರ್ ಪಾರ್ಕ್‌ನಲ್ಲೇ ಪ್ರದರ್ಶನ ನಡೆಸಿ ಆ ಹಳೆಯ ನಂಟನ್ನು ನೆನೆಯಿತು.

ಅವರ ಹೆಸರಿನ ಉಡುಪು ಕೊಳ್ಳುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಆದರೆ ಅವರ ಪ್ರಭಾವ ನಮ್ಮ ಮನೆಗಳಲ್ಲೂ ಇದೆ. ಅವರ ಜಾಕೆಟ್‌ಗಳಲ್ಲಿ ಕೈ ಹಿಡಿಸುವ ನಿಜವಾದ ಜೇಬುಗಳಿದ್ದವು. ತೋಳನ್ನು ಸಲೀಸಾಗಿ ಎತ್ತಬಹುದಿತ್ತು. 1955ರ ಫೆಬ್ರವರಿಯಲ್ಲಿ ಅವರು ಕೈಚೀಲಕ್ಕೆ ಹೆಗಲಿಗೆ ಹಾಕುವ ಸರಪಳಿ ಜೋಡಿಸಿದರು. ಆ ತಿಂಗಳು, ವರ್ಷದಿಂದಲೇ ಅದಕ್ಕೆ ‘2.55’ ಎಂಬ ಹೆಸರು. ಎರಡೂ ಕೈ ಖಾಲಿ ಇರಬೇಕೆಂಬುದು ಅವರ ಉದ್ದೇಶ. ಮಗುವನ್ನು ಎತ್ತಿಕೊಂಡು, ತರಕಾರಿ ಗಾಡಿ ತಳ್ಳಿಕೊಂಡು ಅಂಗಡಿಯಲ್ಲಿ ಓಡಾಡುವ ನಮ್ಮ ಹೆಣ್ಣುಮಕ್ಕಳ ಹೆಗಲಲ್ಲಿ ಇಂದು ಅಂಥದೇ ಬ್ಯಾಗ್ ತೂಗುತ್ತಿರುತ್ತದೆ.