ಮಣ್ಣಿಗೆ ಹಿಡಿದ ಮಸಿ

ಮೊಡವೆಗೆಂದು ಮುಖಕ್ಕೆ ಬಳಿದುಕೊಳ್ಳುವ ಮುಲ್ತಾನಿ ಮಿಟ್ಟಿ ಯಾವ ಅಂಗಡಿಯಲ್ಲಾದರೂ ಪೊಟ್ಟಣದ ಲೆಕ್ಕದಲ್ಲಿ ಸಿಗುತ್ತದೆ. ಜಿಡ್ಡು ಹೀರುವುದು ಅದರ ಗುಣ. ಮೂಗಿನ ಮೇಲಿನದೋ ಯಂತ್ರದೊಳಗಿನದೋ ಎಂಬ ಭೇದ ಅದಕ್ಕಿಲ್ಲ. ಕೀಲೆಣ್ಣೆ ತಯಾರಿಸುವವರು ಬಹಳ ಹಿಂದೆಯೇ ಇಂಥ ಜೇಡಿಮಣ್ಣಿನಲ್ಲಿ ಎಣ್ಣೆ ಸೋಸಿ ತಿಳಿ ಮಾಡಿಕೊಳ್ಳುತ್ತಿದ್ದರು. ಅದೇ ಬಳಗದ ಮಣ್ಣು 1927ರಲ್ಲಿ ಪ್ಯಾರಿಸ್ ಸಮೀಪದ ಒಂದು ಪ್ರಯೋಗಾಲಯದಲ್ಲಿ ಬೇರೆಯೇ ಕಸುಬು ತೋರಿಸಿತು. ಬಿಸಿ ಮಾಡಿದ ಮಂದ ಎಣ್ಣೆಯ ಆವಿ ಈ ಮಣ್ಣನ್ನು ಹಾಯ್ದು ಹೊರಬಂದಾಗ, ಅದರಲ್ಲೊಂದು ಪಾಲು ಒಳ್ಳೆಯ ಪೆಟ್ರೋಲ್ ಆಗಿತ್ತು.

ಪ್ರಯೋಗಾಲಯ ಯೂಜೀನ್ ಹೂಡ್ರಿಯದು. ಆತ ರಸಾಯನಶಾಸ್ತ್ರಜ್ಞನಲ್ಲ, ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಅಪ್ಪನದು ಉಕ್ಕಿನ ವ್ಯಾಪಾರ. ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ಪಡೆಯಲ್ಲಿದ್ದು ಗಾಯಗೊಂಡು ಬಂದವನಿಗೆ ರೇಸ್ ಕಾರುಗಳ ಹುಚ್ಚು. ವೇಗದ ಎಂಜಿನ್ನಿಗೆ ಸಾಧಾರಣ ಪೆಟ್ರೋಲ್ ಹಾಕಿದರೆ ಒಳಗಿನಿಂದ ಕಟಕಟ ಸದ್ದು ಬರುತ್ತದೆ. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ನಾಕಿಂಗ್’. ನೇರ ಸರಪಳಿಯಂಥ ಅಣುಗಳು ಕಾಲಕ್ಕೆ ಮೊದಲೇ ತಾವಾಗಿ ಹೊತ್ತಿಕೊಳ್ಳುವುದರಿಂದ ಬರುವ ಸದ್ದು ಅದು. ಕವಲೊಡೆದ ಅಣುಗಳು ಕಿಡಿ ಬೀಳುವವರೆಗೆ ಕಾಯುತ್ತವೆ. ಈ ತಾಳ್ಮೆಗೆ ಕೊಟ್ಟ ಅಂಕವೇ ಆಕ್ಟೇನ್.

ಎಣ್ಣೆ ಒಡೆಯುವುದು ಆಗ ಹೊಸದೇನಾಗಿರಲಿಲ್ಲ. ಕಚ್ಚಾ ತೈಲವನ್ನು ಬಟ್ಟಿ ಇಳಿಸಿದರೆ ಬರುವ ಪೆಟ್ರೋಲ್ ಕಾರುಗಳ ಹಸಿವಿಗೆ ಸಾಲದೆ ಹೋದಾಗ, ಅಮೆರಿಕದ ವಿಲಿಯಂ ಬರ್ಟನ್ ಮಂದ ಎಣ್ಣೆಯನ್ನು ಒತ್ತಡದಲ್ಲಿ ಕಾಯಿಸಿ ಒಡೆಯುವ ವಿಧಾನವನ್ನು 1913ರಲ್ಲಿ ಕಾರ್ಖಾನೆಗೆ ತಂದಿದ್ದ. ಅದು ಬರೀ ಬೆಂಕಿಯ ಬಲ. ಪೆಟ್ರೋಲಿನ ಪ್ರಮಾಣವೇನೋ ಹೆಚ್ಚಿತು. ಆದರೆ ಕವಲಿನ ಅಣು ಬೇಕೆಂದರೆ ಬೆಂಕಿ ಕೇಳೀತೇ?

ಮಣ್ಣು ಕೇಳುತ್ತದೆ. ಸಿಲಿಕಾ, ಅಲ್ಯೂಮಿನಾಗಳಿಂದಾದ ಅದರ ಮೈಮೇಲೆ ಆಮ್ಲಗುಣದ ಜಾಗಗಳಿವೆ. ಉದ್ದನೆಯ ಅಣು ಅಲ್ಲಿ ತಂಗಿದಾಗ ತುಂಡಾಗುವುದಲ್ಲದೆ, ತುಂಡು ತನ್ನ ಜೋಡಣೆಯನ್ನೂ ಬದಲಿಸಿಕೊಂಡು ಕವಲೊಡೆಯುತ್ತದೆ. ಇಂಥ ವಸ್ತುವಿಗೆ ಪಠ್ಯಪುಸ್ತಕದ ಹೆಸರು ಕ್ರಿಯಾವರ್ಧಕ. ನಮ್ಮ ಹೈಸ್ಕೂಲಿನ ಮೇಷ್ಟ್ರು, “ಊರಿಗೆಲ್ಲ ಮದುವೆ ಮಾಡಿಸಿ ತಾನು ಬ್ರಹ್ಮಚಾರಿಯಾಗಿಯೇ ಉಳಿಯುವ ದಲ್ಲಾಳಿ ಕಣ್ರೋ” ಎಂದು ನಗಿಸುತ್ತಿದ್ದರು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಎಣ್ಣೆಯ ಕಾರ್ಖಾನೆಯಲ್ಲಿ ಮಾತ್ರ ಈ ದಲ್ಲಾಳಿಯ ಮುಖಕ್ಕೆ ಪ್ರತಿ ಮದುವೆಯಲ್ಲೂ ಮಸಿ.

ಅಣುಗಳು ಒಡೆಯುವಾಗ ಇಂಗಾಲ ಉಳಿದು ಮಣ್ಣಿಗೆ ಅಂಟಿಕೊಳ್ಳುತ್ತದೆ. ಸಂಸ್ಕರಣಾಗಾರದವರು ಅದನ್ನು ‘ಕೋಕ್’ ಅನ್ನುತ್ತಾರೆ. ಹಾಲು ತಳ ಹತ್ತಿದ ಪಾತ್ರೆಯನ್ನು ತಿಕ್ಕಿದವರಿಗೆ ಅದರ ಹಟ ಗೊತ್ತು. ಕೆಲವೇ ನಿಮಿಷಗಳಲ್ಲಿ ಮಣ್ಣು ಕಪ್ಪಾಗಿ ಕೈಚೆಲ್ಲುತ್ತದೆ. ಹೂಡ್ರಿಯ ನಿಜವಾದ ಶೋಧ ಇರುವುದು ಇಲ್ಲಿ ಎಂದು ನನಗನಿಸುತ್ತದೆ. ಮಣ್ಣು ಮೊದಲೇ ಇತ್ತು. ಸತ್ತಂತಾದ ಮಣ್ಣನ್ನು ಎಸೆಯದೆ, ಬಿಸಿಗಾಳಿ ಊದಿ ಮಸಿ ಸುಟ್ಟು ಮತ್ತೆ ಕೆಲಸಕ್ಕೆ ಹಚ್ಚಿದ್ದು ಅವನು. ಅದರಲ್ಲೂ ಹದ ಬೇಕು. ಉರಿ ಹೆಚ್ಚಾದರೆ ಮಸಿಯ ಜೊತೆ ಮಣ್ಣಿನ ಶಕ್ತಿಯೂ ಹೋಗುತ್ತದೆ.

ಫ್ರಾನ್ಸಿನಲ್ಲಿ ಅವನ ಕೈ ಹಿಡಿಯುವವರು ಉಳಿಯಲಿಲ್ಲ. ಅದಕ್ಕೂ ಮುನ್ನ ಹಿಡಿದಿದ್ದ, ಕಂದು ಕಲ್ಲಿದ್ದಲಿನಿಂದ ಪೆಟ್ರೋಲ್ ತೆಗೆಯುವ ಯೋಜನೆ ದಿನಕ್ಕೆ 60 ಟನ್ ಅರೆಯುವ ಘಟಕದವರೆಗೂ ಹೋಗಿ, ಖರ್ಚು ಗಿಟ್ಟದೆ 1929ರಲ್ಲಿ ನಿಂತುಹೋಯಿತು. ಮರುವರ್ಷ ವ್ಯಾಕ್ಯೂಮ್ ಆಯಿಲ್ ಕಂಪನಿಯ ಕರೆಯ ಮೇರೆಗೆ ಹೂಡ್ರಿ ನ್ಯೂಜೆರ್ಸಿಯ ಪಾಲ್ಸ್‌ಬರೋಗೆ ಹೋದ. ಆ ಕಂಪನಿಯೂ ಆರ್ಥಿಕ ಕುಸಿತದಲ್ಲಿ ಹಿಂಜರಿದಾಗ ಸನ್ ಆಯಿಲ್ ಜೊತೆಗೂಡಿತು. 1936ರಲ್ಲಿ ಪಾಲ್ಸ್‌ಬರೋದಲ್ಲಿ ದಿನಕ್ಕೆ 2,000 ಬ್ಯಾರೆಲ್‌ಗಳ ಘಟಕ ಶುರುವಾಯಿತು; 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದು. ಮಣ್ಣಿನ ಉಂಡೆ ತುಂಬಿದ ಪಾತ್ರೆಗಳ ಸಾಲು. ಒಂದರಲ್ಲಿ ಎಣ್ಣೆ ಒಡೆಯುತ್ತಿದ್ದರೆ ಮತ್ತೊಂದರಲ್ಲಿ ಮಸಿ ಉರಿಯುತ್ತಿರುತ್ತದೆ, ಸ್ವಲ್ಪ ಹೊತ್ತಿಗೆ ಪಾಳಿ ಬದಲು. ಹೆಚ್ಚಿನ ಕಾವನ್ನು ಕೊಳವೆಯಲ್ಲಿ ಹರಿಯುವ ಕರಗಿದ ಉಪ್ಪು ಹೊತ್ತೊಯ್ಯುತ್ತಿತ್ತು. ಎರಡನೆಯ ಮಹಾಯುದ್ಧದ ವಿಮಾನಗಳಿಗೆ 100 ಆಕ್ಟೇನ್ ಇಂಧನ ಬೇಕಾದಾಗ ಈ ಘಟಕಗಳು ಹಗಲಿರುಳು ನಡೆದವು. ಫ್ರಾನ್ಸಿನಲ್ಲಿ ಜರ್ಮನಿಯ ಜೊತೆ ಕೈಜೋಡಿಸಿದ್ದ ವಿಶಿ ಸರ್ಕಾರವನ್ನು ಬಹಿರಂಗವಾಗಿ ಖಂಡಿಸಿದ್ದಕ್ಕೆ ಹೂಡ್ರಿ ಹುಟ್ಟಿದ ದೇಶದ ಪೌರತ್ವ ಕಳೆದುಕೊಂಡ, 1942ರಲ್ಲಿ ಅಮೆರಿಕದವನಾದ.

ಅದೇ ವರ್ಷ ಮೇ 25ರಂದು ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಚಾಲೂ ಆದ ಘಟಕ ಅವನ ಪಾಳಿ ಪದ್ಧತಿಯನ್ನು ಹಳತು ಮಾಡಿತು. ಹೂಡ್ರಿಯ ವಿಧಾನಕ್ಕೆ ದುಡ್ಡು ತೆರಲೊಲ್ಲದ ದೊಡ್ಡ ಕಂಪನಿಗಳು ಒಟ್ಟುಗೂಡಿ ಹುಡುಕಿದ ದಾರಿ ಅದು. ಗಿರಣಿಯಿಂದ ಆಗಷ್ಟೇ ತಂದ ರಾಗಿ ಹಿಟ್ಟಿನ ಡಬ್ಬಿ ಓರೆ ಮಾಡಿ ನೋಡಿ; ನಡುವೆ ಗಾಳಿಯಾಡುವ ಹಿಟ್ಟು ನೀರಿನ ಹಾಗೆ ಜಾರುತ್ತದೆ. ಎಂಐಟಿಯ ವಾರೆನ್ ಲೂಯಿಸ್ ಮತ್ತು ಎಡ್ವಿನ್ ಗಿಲ್ಲಿಲ್ಯಾಂಡ್ ಇದೇ ಗುಣದ ಬೆನ್ನು ಹತ್ತಿದ್ದರು. ಕ್ರಿಯಾವರ್ಧಕವನ್ನು ನುಣ್ಣಗೆ ಪುಡಿ ಮಾಡಿ ಅನಿಲದ ಮೇಲೆ ತೇಲಿಸಿದರೆ, ಅದನ್ನು ಕೊಳವೆಯಲ್ಲಿ ಹರಿಸಬಹುದು. ಪುಡಿ ಒಂದು ಗೋಪುರದಲ್ಲಿ ಎಣ್ಣೆ ಒಡೆದು ಮಸಿ ಮೆತ್ತಿಕೊಳ್ಳುತ್ತದೆ, ಪಕ್ಕದ ಗೋಪುರಕ್ಕೆ ಹರಿದು ಮಸಿ ಸುಟ್ಟುಕೊಳ್ಳುತ್ತದೆ, ಸುಮಾರು 700 ಡಿಗ್ರಿ ಸೆಲ್ಸಿಯಸ್ ಕಾವು ಹೊತ್ತು ವಾಪಸ್ ಬರುತ್ತದೆ. ಆ ಕಾವೇ ಮುಂದಿನ ಎಣ್ಣೆಯನ್ನು ಒಡೆಯುತ್ತದೆ. ಪಾತ್ರೆಯ ತಳದ ಕರಕಲೇ ಮುಂದಿನ ಅಡುಗೆಗೆ ಸೌದೆ! ಇಡೀ ಸಂಸ್ಕರಣಾಗಾರದಲ್ಲಿ ಇಷ್ಟು ಜಾಣತನದ ಮೂಲೆ ಬೇರೊಂದಿರಲಾರದು.

1960ರ ದಶಕದಲ್ಲಿ ಮಣ್ಣಿನ ಜಾಗಕ್ಕೆ ಜಿಯೋಲೈಟ್ ಬಂತು. ಅಣುಗಾತ್ರದ ರಂಧ್ರಗಳಿರುವ ಹರಳು ಅದು. ಚಾರ್ಲ್ಸ್ ಪ್ಲಾಂಕ್, ಎಡ್ವರ್ಡ್ ರೋಸಿನ್‌ಸ್ಕಿ ಅದನ್ನು ಈ ಕೆಲಸಕ್ಕೆ ಪಳಗಿಸಿದರು. ಮಂಗಳೂರಿನ ಉತ್ತರಕ್ಕಿರುವ ಎಂಆರ್‌ಪಿಎಲ್ ಸಂಸ್ಕರಣಾಗಾರದಲ್ಲೂ ಇದೇ ಜಾತಿಯ ಘಟಕವಿದೆ. ಅಲ್ಲಿ ಒಡೆದ ಎಣ್ಣೆಯಿಂದ ಸಿಗುವ ಪ್ರೊಪಿಲೀನ್ ಮುಂದೆ ಪಾಲಿಪ್ರೊಪಿಲೀನ್ ಹರಳಾಗುತ್ತದೆ. ಬಕೆಟ್ಟು, ಗೊಬ್ಬರದ ಚೀಲಗಳನ್ನು ಮಾಡುವುದು ಇಂಥದರಿಂದಲೇ.

ಹೂಡ್ರಿ ಕೊನೆಗಾಲದಲ್ಲಿ ಕಾರಿನ ಹಿಂಬದಿಗೆ ಬಂದಿದ್ದ. ಹೊಗೆಕೊಳವೆಯೊಳಗೆ ಕ್ರಿಯಾವರ್ಧಕ ಕೂರಿಸಿ, ಅರೆಬೆಂದ ವಿಷಾನಿಲವನ್ನು ಅಲ್ಲೇ ಪೂರ್ತಿ ಸುಡುವ ಸಾಧನಕ್ಕೆ 1950ರ ದಶಕದಲ್ಲಿ ಪೇಟೆಂಟ್ ಪಡೆದ. ಆದರೆ ನಾಕಿಂಗ್ ತಡೆಯಲೆಂದು ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಆ ಕ್ರಿಯಾವರ್ಧಕದ ಮೈಗೆ ಮೆತ್ತಿಕೊಂಡಿತು. ಅದು ಇಂಗಾಲದ ಮಸಿಯಲ್ಲ, ಗಾಳಿ ಊದಿದರೆ ಉರಿದು ಹೋಗುವುದಿಲ್ಲ. 1962ರಲ್ಲಿ ಹೂಡ್ರಿ ತೀರಿಕೊಂಡಾಗ ಆ ಸಾಧನ ಕಾರುಗಳಿಗೆ ಬಂದಿರಲಿಲ್ಲ. ಅಮೆರಿಕದಲ್ಲಿ ಸೀಸವಿಲ್ಲದ ಪೆಟ್ರೋಲಿನೊಡನೆ ಅದು 1975ರ ಕಾರುಗಳಿಗೆ ಬಂತು. ನಮ್ಮ ದೇಶದ ಎಲ್ಲ ಬಂಕುಗಳಲ್ಲಿ ಸೀಸವಿಲ್ಲದ ಪೆಟ್ರೋಲ್ ಸಿಗುವ ಹೊತ್ತಿಗೆ 2000ದ ಫೆಬ್ರುವರಿ ಆಗಿತ್ತು.