ಗೇಮ್ ಬಾಕ್ಸಿಗೆ ಹಾರ್ಡ್‌ಡಿಸ್ಕ್: 'ಓರಿಜಿನಲ್' ಅಂದರೆ ಯಾವುದು?

ಮಿರಜ: ಪುಣೆಯಲ್ಲಿ ಕೆಲಸಕ್ಕಿರುವ ಅಣ್ಣ ತನ್ನ ಹಳೆಯ ಪ್ಲೇಸ್ಟೇಷನ್ನನ್ನು ಊರಿಗೆ ತಂದು ತಮ್ಮನ ಕೈಗೆ ಕೊಡುತ್ತಾನೆ. ಒಂದೆರಡು ವರ್ಷ ಚೆನ್ನಾಗಿಯೇ ನಡೆಯುತ್ತದೆ. ಆಮೇಲೊಂದು ದಿನ ಆಟ ಅರ್ಧಕ್ಕೆ ನಿಲ್ಲುತ್ತದೆ, ಒಳಗಿನಿಂದ ಟಿಕ್ ಟಿಕ್ ಸದ್ದು. ಹಾರ್ಡ್‌ಡಿಸ್ಕ್ ಹೋಯಿತು! ಜತ್ತ ಕಡೆಯವರಾಗಲಿ, ಗಡಿಯಾಚೆಯ ಕಾಗವಾಡದವರಾಗಲಿ, ಇಂಥ ಕೆಲಸಕ್ಕೆ ಮಿರಜ ಇಲ್ಲವೇ ಸಾಂಗ್ಲಿ ಪೇಟೆಯ ಬಸ್ಸು ಹತ್ತುವುದು ರೂಢಿ. ಅಂಗಡಿಯಲ್ಲಿ ಕೇಳಿಬರುವ ಮೊದಲ ಮಾತು, 'ಓರಿಜಿನಲ್ ಆಹೆ'.

ಈ 'ಓರಿಜಿನಲ್' ಎಂಬ ಮಾತಿನಲ್ಲೇ ಇದೆ ಗೊಂದಲ. ಮಿರಜದ ಸಿತಾರ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಅಲ್ಲಿ ಅಸಲಿ ಅಂದರೆ ಮಿರಜದಲ್ಲೇ ತಯಾರಾದದ್ದು, ಲೆಕ್ಕ ಸರಳ. ಹಾರ್ಡ್‌ಡಿಸ್ಕಿನ ವಿಷಯ ಹಾಗಲ್ಲ. ಅಸಲಿ ಯಾವುದೆಂಬುದು ನಿಮ್ಮ ಮನೆಯಲ್ಲಿರುವ ಬಾಕ್ಸ್ ಯಾವುದು ಎಂಬುದರ ಮೇಲೆ ನಿಂತಿದೆ.

ಪ್ಲೇಸ್ಟೇಷನ್ 3 ಮತ್ತು 4ರ ಸಂಗತಿ ಸುಲಭ. ಇವುಗಳಲ್ಲಿ ಇರುವುದು ಲ್ಯಾಪ್‌ಟಾಪಿನಲ್ಲಿರುವಂಥದೇ ಎರಡೂವರೆ ಇಂಚಿನ ಸಾಟಾ ಡಿಸ್ಕ್. ಅದನ್ನು ಬದಲಿಸಲು ಸೋನಿ ಕಂಪನಿಯೇ ಗ್ರಾಹಕರಿಗೆ ಅವಕಾಶ ಕೊಟ್ಟಿದೆ. ಪಿಎಸ್4ಕ್ಕೆ ಡಿಸ್ಕ್ 9.5 ಮಿಲಿಮೀಟರ್‌ಗಿಂತ ದಪ್ಪ ಇರಬಾರದು, 160 ಜಿಬಿಗಿಂತ ಕಡಿಮೆ ಇರಬಾರದು, ಅಷ್ಟೇ. ಸೀಗೇಟ್, ತೊಶಿಬಾ, ವೆಸ್ಟರ್ನ್ ಡಿಜಿಟಲ್ ಯಾವುದಾದರೂ ನಡೆಯುತ್ತದೆ. ಹೀಗಿರುವಾಗ 'ಇದು ಸೋನಿಯ ಓರಿಜಿನಲ್, ರೇಟು ಜಾಸ್ತಿ' ಎಂದು ಯಾರಾದರೂ ಹೇಳಿದರೆ ಆ ಹೆಚ್ಚಿನ ದುಡ್ಡು ಬರೀ ಮಾತಿನದು.

ಎಕ್ಸ್‌ಬಾಕ್ಸ್ 360ರ ಕಥೆಯೇ ಬೇರೆ. ಹೊರಗಿನಿಂದ ನೋಡಿದರೆ ಇದೂ ಸಾಟಾ ಡಿಸ್ಕೇ. ಆದರೆ ಅದರ ಒಂದು ಮೂಲೆಯಲ್ಲಿ ಮೈಕ್ರೋಸಾಫ್ಟ್ ತನ್ನ ಗುರುತಿನ ಸಹಿ ಬರೆದಿಟ್ಟಿರುತ್ತದೆ. ಬಾಕ್ಸ್ ಆ ಸಹಿ ಹುಡುಕುತ್ತದೆ, ಸಿಗದಿದ್ದರೆ ಡಿಸ್ಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಕಲಿ ಮಾಡುವವರು ಕೆಲವು ಮಾದರಿಯ ವೆಸ್ಟರ್ನ್ ಡಿಜಿಟಲ್ ಡಿಸ್ಕ್ ತಂದು, ಸಾಫ್ಟ್‌ವೇರ್ ಮೂಲಕ ಆ ಸಹಿಯನ್ನು ನಕಲಿಳಿಸಿ, ಮೇಲೊಂದು ಪ್ಲಾಸ್ಟಿಕ್ ಕವಚ ತೊಡಿಸಿ ಮಾರುತ್ತಾರೆ. ಆಟವೇನೋ ನಡೆಯುತ್ತದೆ. ಆದರೆ ಮೊದಲ ತಲೆಮಾರಿನ ಎಕ್ಸ್‌ಬಾಕ್ಸಿನ ಹಳೆಯ ಆಟಗಳಿಗೆ ಬೇಕಾದ ಪ್ರತ್ಯೇಕ ಭಾಗ ಇಂಥ ಡಿಸ್ಕಿನಲ್ಲಿ ಹಲವು ಸಲ ಇರುವುದೇ ಇಲ್ಲ. ಮನೆಯಲ್ಲಿ 360ರಲ್ಲಿ ಓಡುವಂಥ ಹಳೆಯ ಆಟದ ಸೀಡಿ ಇದ್ದರೆ ಬಾಕ್ಸ್ ಸಮೇತ ಅಂಗಡಿಗೆ ಒಯ್ದು ಹಾಕಿ ನೋಡಿ, ಬಣ್ಣ ಬಯಲಾಗುತ್ತದೆ.

ಇನ್ನೊಂದು ಸಂಗತಿ. 360ರ ತಯಾರಿಕೆ 2016ರಲ್ಲೇ ನಿಂತಿದೆ. ಇಷ್ಟು ವರ್ಷಗಳ ಮೇಲೆ 'ಹೊಚ್ಚ ಹೊಸ ಕಂಪನಿ ಡಿಸ್ಕ್' ಎಂದು ಕೊಡುವವರನ್ನು ಅನುಮಾನದಿಂದಲೇ ನೋಡಬೇಕು. ಕೆಟ್ಟುಹೋದ ಬೇರೊಂದು 360ರಿಂದ ತೆಗೆದ ಹಳೆಯ ಡಿಸ್ಕ್ ಇದಕ್ಕಿಂತ ವಾಸಿ. ಬರೀ 360ರ ಆಟ, ಅದರ ಸೇವ್ ಸಾಕು ಎನ್ನುವವರಿಗೆ ಡಿಸ್ಕೇ ಬೇಡ. 2015ರ ಅಪ್‌ಡೇಟಿನ ನಂತರ 2 ಟಿಬಿವರೆಗಿನ ಯುಎಸ್‌ಬಿ ಡಿಸ್ಕನ್ನು ಈ ಬಾಕ್ಸ್ ಒಪ್ಪುತ್ತದೆ. 360ರ ಅಂತರ್ಜಾಲ ಅಂಗಡಿ 2024ರ ಜುಲೈ 29ರಂದು ಮುಚ್ಚಿದೆ. ಹೊಸದಾಗಿ ಕೊಳ್ಳಲು ಅಲ್ಲಿ ಏನೂ ಇಲ್ಲ, ಮೊದಲೇ ಕೊಂಡದ್ದನ್ನು ಮಾತ್ರ ಮತ್ತೆ ಇಳಿಸಿಕೊಳ್ಳಬಹುದು.

ಪಿಎಸ್5ಕ್ಕೆ ಹಾರ್ಡ್‌ಡಿಸ್ಕ್ ಅಲ್ಲ, ಎಂ.2 ಎಸ್‌ಎಸ್‌ಡಿ ಬೇಕು. ಅದು ಬೇರೆಯೇ ವಿಷಯ.

ಇನ್ನು ಪ್ಲೇಸ್ಟೇಷನ್ನಿಗೆ ಕೊಳ್ಳುವ ಮಾಮೂಲಿ ಡಿಸ್ಕ್ ಹೊಸದೋ ಹಳೆಯದೋ? ಅದನ್ನು ಅಂಗಡಿಯ ಕಂಪ್ಯೂಟರಿಗೇ ಜೋಡಿಸಿ ತೋರಿಸಿ ಎನ್ನಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕ್ ಎಷ್ಟು ತಾಸು ಓಡಿದೆ, ಎಷ್ಟು ಕಡೆ ಕೆಟ್ಟಿದೆ ಎಂದು ತೋರಿಸುತ್ತದೆ. ಆದರೆ ತಾಸಿನ ಲೆಕ್ಕವನ್ನೊಂದೇ ನಂಬಬೇಡಿ. ವರ್ಷಗಟ್ಟಲೆ ದುಡಿದ ಸೀಗೇಟ್ ಡಿಸ್ಕ್‌ಗಳ ಮೀಟರನ್ನು ಸೊನ್ನೆಗೆ ಇಳಿಸಿ ಹೊಸದೆಂದು ಮಾರಿದ್ದು 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬಯಲಾಯಿತು. ಸೆಕೆಂಡ್ ಹ್ಯಾಂಡ್ ಬೈಕಿನ ಮೀಟರ್ ತಿರುಗಿಸುವ ವಿದ್ಯೆ ಇಲ್ಲಿಗೂ ಬಂದಿದೆ ಅನ್ನಿ. ಆದ್ದರಿಂದ ಲೇಬಲ್ ಮೇಲಿನ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಎಲ್ಲಿಯವರೆಗಿದೆ ನೋಡಬೇಕು. ಆ ನಂಬರು ಕಂಪ್ಯೂಟರಿನಲ್ಲಿ ಕಾಣುವ ನಂಬರಿಗೆ ತಾಳೆಯಾಗಬೇಕು. ಅಂದಹಾಗೆ, 500 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 465 ಎಂದು ಕಂಡರೆ ಗಾಬರಿ ಬೇಡ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಬಿಲ್ಲಿನ ವಿಷಯ ಗಡಿಯವರಿಗೆ ಮುಖ್ಯ. ಕಚ್ಚಾ ಚೀಟಿ ಬೇಡ, ಜಿಎಸ್‌ಟಿ ಇರುವ ಪಕ್ಕಾ ಬಿಲ್ಲು ಕೇಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ. ಮಹಾರಾಷ್ಟ್ರದ ಅಂಗಡಿಯ ಜಿಎಸ್‌ಟಿ ನಂಬರ್ 27ರಿಂದ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಒಟ್ಟು 15 ಅಕ್ಷರ. 'ಮಹಾರಾಷ್ಟ್ರದಲ್ಲಿ ಕೊಂಡದ್ದಕ್ಕೆ ಕರ್ನಾಟಕದಲ್ಲಿ ಯಾರು ಕೇಳುತ್ತಾರೆ' ಎಂದು ಸುಮ್ಮನಾಗುವವರಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಿರಜದಲ್ಲಿ ಕೊಂಡ ಕಾಗವಾಡದವರು ಬೆಳಗಾವಿ ಜಿಲ್ಲೆಯ ಆಯೋಗಕ್ಕೇ ಹೋಗಬಹುದು, ಸಾಂಗ್ಲಿಗೆ ಅಲೆಯಬೇಕಿಲ್ಲ. ವಸ್ತುವಿನ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಬಹುದು.

ಪಿಎಸ್4 ಡಿಸ್ಕ್ ಇನ್ನೂ ಪೂರ್ತಿ ಸತ್ತಿಲ್ಲವಾದರೆ ಅಂಗಡಿಗೆ ಹೋಗುವ ಮೊದಲೇ ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ಆಟದ ಸೇವ್‌ಗಳನ್ನು ಪೆನ್‌ಡ್ರೈವಿಗೆ ನಕಲಿಸಿಕೊಳ್ಳಿ. ಹೊಸ ಡಿಸ್ಕಿನಲ್ಲಿ ಏನೂ ಇರುವುದಿಲ್ಲ, ಸಿಸ್ಟಮ್ ಸಾಫ್ಟ್‌ವೇರನ್ನೂ ಸೋನಿಯ ವೆಬ್‌ಸೈಟಿನಿಂದ ಪೆನ್‌ಡ್ರೈವಿಗೆ ಇಳಿಸಿ ಹೊಸದಾಗಿ ಹಾಕಬೇಕು. ಕರೆಂಟು ಹೋಗುವ ಹೊತ್ತಿನಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.