ಅರಸು (ಕುಲನಾಮ)

ಅರಸು ಎಂಬುದು ಮೈಸೂರು ರಾಜಮನೆತನದೊಂದಿಗೆ ರಕ್ತಸಂಬಂಧ ಅಥವಾ ವೈವಾಹಿಕ ಸಂಬಂಧ ಹೊಂದಿದ್ದ ಕುಟುಂಬಗಳು ಬಳಸುವ ವಿರಳ ಕುಲನಾಮ. ರಾಜ ಎಂಬ ಅರ್ಥದ ‘ಅರಸ’ ಎಂಬ ಕನ್ನಡ ಪದವೇ ಇದರ ಮೂಲ. ಇಂಗ್ಲಿಷಿನಲ್ಲಿ ಮೂರೇ ಅಕ್ಷರಗಳಲ್ಲಿ ಬರೆಯುವ ರೂಢಿಯಿಂದಾಗಿ ‘ಅರ್ಸ್’ ಎಂಬ ಉಚ್ಚಾರಣೆಯೂ ಬಳಕೆಯಲ್ಲಿದೆ. ಸೂಫಿ ಸಂತರ ಸ್ಮರಣೆಯ ‘ಉರುಸ್’ಗೂ ಇದಕ್ಕೂ ಸಂಬಂಧವಿಲ್ಲ. ಈ ಕುಲನಾಮದವರು ಮುಖ್ಯವಾಗಿ ಮೈಸೂರು ನಗರ ಹಾಗೂ ಹಳೆಯ ಮೈಸೂರು ಪ್ರದೇಶದಲ್ಲಿ ನೆಲೆಸಿದ್ದಾರೆ.

ಎಂ. ಕಾಂತರಾಜ ಅರಸು 1918ರಿಂದ 1922ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು (1915–1982) ಈ ಚಿಕ್ಕ ಸಮುದಾಯದಿಂದ ಬಂದು, 1972ರಲ್ಲಿ ಮುಖ್ಯಮಂತ್ರಿಯಾಗಿ, ಭೂಸುಧಾರಣೆ ಹಾಗೂ ಹಿಂದುಳಿದ ವರ್ಗಗಳ ಮೀಸಲಾತಿಯನ್ನು ಜಾರಿಗೆ ತಂದರು. ‘ಚದುರಂಗ’ ಕಾವ್ಯನಾಮದ ಕಾದಂಬರಿಕಾರ ಎಂ. ಸುಬ್ರಹ್ಮಣ್ಯರಾಜ ಅರಸು (1916–1998) ಕೂಡ ಅದೇ ಊರಿನವರು.